ತೊಡೆಯ ಮೇಲಿನ ನಾಲ್ಕು ಹೊಲಿಗೆ

ಓರಗಿತ್ತಿ ಶ್ಯಾಮಲ ಆಸ್ಪತ್ರೆಯಿಂದ ಬಂದಾಗ ಅವಳ ಜಡೆ ಹಾಗೇ ಇತ್ತು. ಮಂಗಮ್ಮನ ಹೊಟ್ಟೆ ಉರಿದದ್ದು ಅದಕ್ಕೇ.

ಹದಿನೈದು ವರ್ಷದ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ಮಂಗಮ್ಮನ ಮೂಗಿನಲ್ಲೂ ಶ್ಯಾಮಲಳಿಗೆ ಸುರಿದಂಥದೇ ನೀರು ಸುರಿದಿತ್ತು. ಮಿದುಳಿನ ಸುತ್ತ ಇರಬೇಕಾದ ನೀರು. ಆಗ ಡಾಕ್ಟರು ತಲೆ ಬೋಳಿಸಿ, ಬುರುಡೆ ತೆರೆದು ಅದು ಸೋರುವ ತೂತು ಮುಚ್ಚಿದ್ದರು. ಕಿವಿಯಿಂದ ಕಿವಿಗೆ ಓಡುವ ಆ ಗಾಯದ ಮೇಲೆ ಇವತ್ತಿಗೂ ಕೂದಲಿಲ್ಲ; ಅವಳು ತಲೆ ಮೇಲಿನ ಸೆರಗು ಇಳಿಸಿದ್ದೇ ಇಲ್ಲ. ಶ್ಯಾಮಲಳಿಗೆ ಬೆಂಗಳೂರಿನಲ್ಲಿ ಮೂಗಿನೊಳಗಿಂದಲೇ ಕ್ಯಾಮೆರಾ ಕೊಳವೆ ತೂರಿಸಿ ಮುಚ್ಚಿದರು. ಐದನೇ ದಿನಕ್ಕೆ ಬೂದಿಕೋಟೆ ದಾಟಿ ಕಾರಿನಲ್ಲಿ ಮನೆಗೆ ಬಂದಳು.

ಶ್ಯಾಮಲಳದ್ದು ಶೀತವಲ್ಲ ಎಂದು ಕಂಡುಹಿಡಿದವಳೇ ಮಂಗಮ್ಮ. ಹಾಲು ಕರೆಯಲು ಬಗ್ಗಿದವಳ ಒಂದೇ ಹೊಳ್ಳೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ, "ಉಪ್ಪುಪ್ಪಾಗದಾ?" ಎಂದು ಕೇಳಿದ್ದಳು. ಅದು ಯಾರಿಗೂ ನೆನಪಿಲ್ಲ.

"ಆರು ವಾರ ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ. ಮತ್ತೆ ಕಿತ್ಕಂಡ್ರೆ ಮಿದುಳ್ಗೆ ನಂಜೇರ್ತದಂತೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಾಲ್ಕು ಹಸುವಿನ ಹಾಲು ಮಂಗಮ್ಮನ ಪಾಲಿಗೆ ಬಿತ್ತು.

ರಾಬರ್ಟ್‌ಸನ್‌ಪೇಟೆಯಿಂದ ದ್ರಾಕ್ಷಿ ಹಿಡಿದು ಬಂದ ನೆಂಟರ ಸುಮಲತ, "ಗಾಯನೇ ಕಾಣಲ್ವಲ್ಲ," ಎಂದಳು.

"ಇದ್ರೆ ತಾನೆ ಕಾಣಾಕೆ," ಎಂದಳು ಮಂಗಮ್ಮ. "ನನ್ ತಲೆ ಸೀಳ್ದಾಗ ಒಂದು ಬಾಳೆಅಣ್ಣು ತಂದೋರಿಲ್ಲ. ಇವಳು ಮೂಗುತಿ ಚುಚ್ಚಿಸ್ಕಂಡು ಬಂದವ್ಳೆ, ಆರು ವಾರ ಮಂಚ ಇಳಿಯಂಗಿಲ್ವಂತೆ."

ಮಂಚದ ಮೇಲಿದ್ದ ಶ್ಯಾಮಲ ಗೋಡೆ ಕಡೆ ಹೊರಳಿದಳು. ಸಂಜೆ ಮಂಗಮ್ಮ ಹುಲ್ಲು ಹೊತ್ತು ಕೊಟ್ಟಿಗೆಗೆ ಬಂದರೆ, ಅವಳು ಬಕೆಟ್ಟು ಹಿಡಿದು ಹಸುವಿನ ಪಕ್ಕ ಕೂರಲು ಹೊರಟಿದ್ದಳು. ಮಂಗಮ್ಮ ಹೊರೆ ಬಿಸಾಕಿ ರಟ್ಟೆ ಹಿಡಿದು ನಿಲ್ಲಿಸಿದಳು.

"ಸಾಯ್ಬೇಕಂತಿದ್ದೀಯೇನೇ?"

"ಮೂಗುತಿ ಚುಚ್ಚಿಸ್ಕಂಡೋಳು ಯಾಕಕ್ಕ ಸಾಯ್ತಾಳೆ?"

ಮಂಗಮ್ಮ ಅವಳ ಮೂಗಿನ ಕೆಳಗೆ ಬೆರಳಾಡಿಸಿದಳು. ಒಣಗಿತ್ತು. ಆಮೇಲೆಯೇ ರಟ್ಟೆ ಬಿಟ್ಟಳು.

ಶ್ಯಾಮಲ ಬಾಗಿಲ ಕಡೆ ನೋಡಿ ಸೀರೆ ಮೇಲೆತ್ತಿದಳು. ತೊಡೆಯ ಮೇಲೆ ನಾಲ್ಕು ಹೊಲಿಗೆ, ಇನ್ನೂ ಕೆಂಪಗಿದ್ದವು. "ಇಲ್ಲಿಂದ ಪೊರೆ ತೆಗ್ದು ಮೂಗಿನೊಳ್ಗೆ ಮುಚ್ಚವ್ರೆ. ಬಂದೋರ್ಗೆಲ್ಲ ಇದುನ್ನ ಎಂಗಕ್ಕ ತೋರ್ಸಲಿ?"

ಮಂಗಮ್ಮ ಬಗ್ಗಿ ನೋಡಿದಳು. ನಂತರ ತನ್ನ ತಲೆ ಮೇಲಿನ ಸೆರಗು ಇಳಿಸಿದಳು. ಮನೆಗೆ ಬಂದು ಹನ್ನೊಂದು ವರ್ಷವಾದರೂ ಶ್ಯಾಮಲ ಆ ಗಾಯ ಕಂಡಿರಲಿಲ್ಲ. ಕಿವಿಯಿಂದ ಕಿವಿಯವರೆಗೂ ಬೆರಳಲ್ಲಿ ಮುಟ್ಟಿದಳು.

"ಬಾಳ ನೋವಾಯ್ತಾ ಅಕ್ಕ?"

"ನಿಂದು ನಾಕು ಒಲಿಗೆ, ನಂದು ನಲವತ್ತೆರಡು. ಓಗು, ಮಲಿಕ್ಕ."

ಶ್ಯಾಮಲ ಹೊರಟಳು. ಬೆನ್ನ ಮೇಲೆ ಜಡೆ ತೂಗಿತು. ಮಂಗಮ್ಮನಿಗೆ ಮತ್ತೆ ಉರಿಯಿತು.

"ಲೇ, ಆ ದ್ರಾಕ್ಷಿ ಒಂದ್ಗೊಂಚ್ಲು ತಂದಿಟ್ಟೋಗು. ಬಗ್ಗಬ್ಯಾಡ, ಗೋಡೆ ಮೇಲಿಡು."