ಉಪ್ಪು ಬಿಟ್ಟ ಮಾಣಿಕಬಾಯಿ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ದಾನೋಳಿಯ ಪಾರೀಸನ ಮನೆಯಲ್ಲಿ ೧೯೩೮ರ ಮಳೆಗಾಲಕ್ಕೆ ತಾಯಿ ಉಪ್ಪನ್ನು ಬಿಟ್ಟಿದ್ದರು, ಮಗ ತಾಯಿಯನ್ನೇ ಬಿಟ್ಟುಬರಲು ಹೊರಟಿದ್ದ.

ನಾನು ಗಡಹಿಂಗ್ಲಜದವನು, ಆಗಷ್ಟೇ ಇಚಲಕರಂಜಿಯಲ್ಲಿ ದವಾಖಾನೆ ತೆರೆದಿದ್ದೆ. ಬೆಲ್ಲದ ವ್ಯಾಪಾರಿ ಪಾರೀಸ ನನ್ನಲ್ಲಿಗೆ ಬಂದದ್ದು ಔಷಧಿಗಲ್ಲ, ಸಹಿಗೆ. ತಾಯಿಗೆ ಹುಚ್ಚು ಎಂದು ನಾನು ಬರೆದುಕೊಟ್ಟರೆ ಸೋಮವಾರ ಅವರನ್ನು ಹುಚ್ಚರ ಆಸ್ಪತ್ರೆಗೆ ಸೇರಿಸುವುದು, ಮೋಟಾರಿಗೂ ಹೇಳಿಯಾಗಿದೆ ಎಂದ. ನೋಡದೆ ಸಹಿ ಹಾಕುವ ಡಾಕ್ಟರು ನಾನಲ್ಲ ಎಂದು ಸಿಡುಕಿ ಅವನ ಜೊತೆಗೇ ಹೊರಟೆ. ಸಿಡುಕು ನನ್ನ ಹುಟ್ಟುಗುಣ. ಅದರ ಹಿಂದೆ ಬರೀ ಕುತೂಹಲ ಇರುತ್ತದೆಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು.

ಅವನ ತಾಯಿ ಮಾಣಿಕಬಾಯಿ ಪಡಸಾಲೆಯಲ್ಲಿ ಕೂತು ಗೋಡೆಯ ಮೇಲಿನ ಇರುವೆಗಳನ್ನು ಸೆರಗಿನ ತುದಿಯಿಂದ ಮೆಲ್ಲಗೆ ಸರಿಸುತ್ತಿದ್ದರು, ಒಂದೂ ಸಾಯದ ಹಾಗೆ. ಗೋಡೆಯ ಮೇಲೆ ಇರುವೆಗಳೇ ಇರಲಿಲ್ಲ. ಮಾತು ತೊದಲುತ್ತಿತ್ತು, ಎದ್ದು ನಿಂತರೆ ತೂರಾಡುತ್ತಿದ್ದರು. ನನ್ನನ್ನು ತಮ್ಮನೆಂದು ತಿಳಿದು ತವರಿನ ಸುದ್ದಿ ಕೇಳಿದರು. ಇದು ಹುಚ್ಚೇ ಇರಬೇಕೆಂದು ನನಗೂ ಅನ್ನಿಸಿತು. ಆದರೆ ಐವತ್ತು ದಾಟಿದ ಆ ಮುಖದ ತುಂಬ, ಮೀಸೆ ಮೂಡುವ ಹುಡುಗರಿಗೆ ಏಳುವಂಥ ಮೊಡವೆಗಳಿದ್ದವು. ಹುಚ್ಚಿಗೂ ಮೊಡವೆಗೂ ಏನು ಸಂಬಂಧ? ಆ ಪ್ರಶ್ನೆ ತಲೆ ಹೊಕ್ಕಿತು, ಹೊರಗೆ ಹೋಗಲೊಲ್ಲದು.

ಏನೇನು ಔಷಧಿ ಕೊಡುತ್ತೀರಿ ಎಂದು ಸೊಸೆ ಅಲಕಾಳನ್ನು ಕೇಳಿದೆ. ಬೇಸಿಗೆಯಲ್ಲಿ ಮಾವ ತೀರಿಕೊಂಡ ಮೇಲೆ ಅತ್ತೆಗೆ ನಿದ್ದೆಯೇ ಹತ್ತಲಿಲ್ಲವಂತೆ, ಕೊಲ್ಲಾಪುರದ ಡಾಕ್ಟರೊಬ್ಬರು ನಿದ್ದೆಗೆಂದು ಮಿಕ್ಸ್ಚರ್ ಕೊಟ್ಟಿದ್ದರಂತೆ. ಚಾತುರ್ಮಾಸ ಕೂತಾಗ ಅತ್ತೆ ಗಂಡನ ಹೆಸರಿನಲ್ಲಿ ಉಪ್ಪು ತ್ಯಾಗ ಮಾಡಿದರು. ಆಮೇಲೆ ಬಾಟಲಿ ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ತಾಯಿ ಕೇಳಿದಾಗಲೆಲ್ಲ ಪಾರೀಸ ಹೊಸದು ತಂದುಕೊಟ್ಟ.

ಆ ಬಾಟಲಿಯಿಂದ ಒಂದು ಹನಿ ನಾಲಿಗೆಗಿಟ್ಟುಕೊಂಡೆ. ಬ್ರೊಮೈಡ್, ಉಪ್ಪುಪ್ಪು. ಅದು ಏಕೆ ಬೇಗ ಖಾಲಿಯಾಗುತ್ತಿತ್ತೆಂದು ಆಗಲೇ ಹೊಳೆಯಿತು, ಆದರೆ ಬಾಯಿ ಬಿಡಲಿಲ್ಲ.

ಬ್ರೊಮೈಡ್ ಎಂಬುದು ಉಪ್ಪಿನ ದಾಯಾದಿ. ಮೈಗೆ ಉಪ್ಪು ಬರುತ್ತಿದ್ದರೆ ಅದು ಇದನ್ನು ಮೂತ್ರದಲ್ಲಿ ಹೊರಗೆ ತಳ್ಳುತ್ತದೆ. ಉಪ್ಪು ಬಾರದಿದ್ದರೆ ಅದರ ಜಾಗದಲ್ಲಿ ಇದೇ ಠಿಕಾಣಿ ಹೂಡಿ ತಲೆ ಕೆಡಿಸುತ್ತದೆ, ಮುಖದಲ್ಲಿ ಮೊಡವೆ ಎಬ್ಬಿಸುತ್ತದೆ. ಆದರೆ ಇಷ್ಟು ಅನುಮಾನದ ಮೇಲೆ ಮಗ ಮೋಟಾರು ನಿಲ್ಲಿಸುವವನಲ್ಲ. ಮಾಣಿಕಬಾಯಿಯ ರಕ್ತ ತೆಗೆದುಕೊಂಡು ಕೊಲ್ಲಾಪುರಕ್ಕೆ ಓಡಿದೆ. ಪರೀಕ್ಷೆಗೆ ಬೇಕಾದ ಗೋಲ್ಡ್ ಕ್ಲೋರೈಡ್ ಯಾವ ಔಷಧದಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಒಂದು ಫೋಟೋ ಸ್ಟುಡಿಯೋದಲ್ಲಿ ಸಿಕ್ಕಿತು, ಚಿತ್ರಗಳ ಬಣ್ಣ ತಿದ್ದಲು ಇಟ್ಟುಕೊಂಡಿದ್ದರು. ಗೆಳೆಯನೊಬ್ಬನ ಪ್ರಯೋಗಶಾಲೆಯಲ್ಲಿ ರಕ್ತದ ತಿಳಿಯನ್ನು ಸೋಸಿ ಅದಕ್ಕೆ ಹನಿಸಿದೆ. ಬ್ರೊಮೈಡ್ ಇದ್ದರೆ ಅದು ಕಂದು ಬಣ್ಣಕ್ಕೆ ತಿರುಗಬೇಕು, ಹಳದಿಯೇ ಉಳಿದರೆ ನಾನು ಸೋತಂತೆ. ಕಂದಾಯಿತು. ಯಾವ ಬಣ್ಣ ಕಂಡೂ ನಾನು ಅಷ್ಟು ಹಿಗ್ಗಿದ್ದಿಲ್ಲ.

ಇನ್ನು ಮದ್ದು ಸುಲಭ: ಬಾಟಲಿ ನಿಲ್ಲಿಸಿ ಉಪ್ಪುನೀರು ಕುಡಿಸುವುದು. ಆದರೆ ಮಾಣಿಕಬಾಯಿ ಊರು, ಹೆಸರು, ಮೊಮ್ಮಕ್ಕಳನ್ನೆಲ್ಲ ಮರೆತರೂ ವ್ರತವನ್ನು ಮರೆತಿರಲಿಲ್ಲ. ಲೋಟ ಕಂಡೊಡನೆ ಹಲ್ಲು ಕಚ್ಚಿದರು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸೋಣ ಎಂದು ಪಾರೀಸ ಪಿಸುಗುಟ್ಟಿದ. ಬಾಟಲಿಯಲ್ಲಿ ಉಪ್ಪಿನ ರುಚಿ ಕುಡಿದೇ ಇದ್ದೀರಿ, ಇನ್ನೆಲ್ಲಿಯ ವ್ರತ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಗಂಡನಿಗಾಗಿ ಹಿಡಿದದ್ದನ್ನು ನನ್ನ ಗೆಲುವಿಗಾಗಿ ಒಡೆಯಲು ಮನಸ್ಸಾಗಲಿಲ್ಲ.

"ಅವ್ವಾರ, ಸೂಜೀಲೆ ಕೈಯಾಗಿನ ನರಕ್ಕ ಹಾಕ್ತೇನ್ರಿ. ನಾಲಗಿಗಿ ಒಂದ ಹನಿ ಸುದ್ದಾ ತಾಗೂದಿಲ್ಲ," ಎಂದೆ.

ಕಚ್ಚಿದ ಹಲ್ಲು ಸಡಿಲಿಸಿದರು. "ರುಚಿ ಹತ್ತೂದಿಲ್ಲ?"

"ಇಲ್ರಿ."

"ಹಂಗಾರ ಹಾಕ್ರಿ," ಎಂದು ಕೈ ಚಾಚಿದರು.

ಸೋಮವಾರ ಬಂದ ಮೋಟಾರು ಖಾಲಿ ಹಿಂತಿರುಗಿತು. ದಿನ ಕಳೆದಂತೆ ಇರುವೆಗಳು ಗೋಡೆ ಬಿಟ್ಟವು, ಮಾತು ನೆಟ್ಟಗಾಯಿತು. ಪಾರೀಸ ತಾಯಿಯ ಮುಂದೆ ತಲೆ ಎತ್ತದೆ ಓಡಾಡುತ್ತಿದ್ದ.

ನಾನು ಕೊನೆಯ ಸಲ ಹೋದಾಗ ಮಾಣಿಕಬಾಯಿ ಮಗ-ಸೊಸೆಯನ್ನು ಒಳಗೆ ಕಳಿಸಿ, ಆ ಬಾಟಲಿಯಲ್ಲಿ ಏನಿತ್ತೆಂದು ಕೇಳಿದರು. ನಿದ್ದೆಯ ಔಷಧಿ ಎಂದು ಜಾರಿಕೊಳ್ಳಲು ನೋಡಿದೆ.

"ನಿದ್ದಿಗಿ ಅಂತ ಕುಡದದ್ದು ಮೊದಲ ಅಷ್ಟರಿ," ಎಂದರು. "ಆಮ್ಯಾಲ ಉಪ್ಪಿನ ರುಚಿಗಿ ಕುಡದೆ. ಔಷಧ ಐತಿ, ಪಾಪ ಹತ್ತೂದಿಲ್ಲ ಅಂತ ನನಗ ನಾನ ಹೇಳಿಕೊಂಡೆ."

ನಾನು ಇಷ್ಟು ಜೋಪಾನ ಮಾಡಿದ ಗುಟ್ಟು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವರ ಕಣ್ಣು ತುಂಬಿತ್ತು.

"ಒಂದ ಮಾತ ಹೇಳ್ರಿ ಡಾಕ್ಟರ. ವ್ರತಾ ಮುರದು, ಎಲ್ಲಾರ ಮುಂದ ಖರೇ ಉಪ್ಪ ತಿಂದಿದ್ದರ ನನ್ನ ತಲಿ ಕೆಡ್ತಿರಲಿಲ್ಲ, ಹೌದಲ್ಲ?"

ಡಾಕ್ಟರನಾಗಿ ಸುಳ್ಳು ಹೇಳುವಂತಿರಲಿಲ್ಲ. "ಹೌದ್ರಿ," ಎಂದೆ.