ಮೂರು ಸೇರು ತೌಡಿನ ಕೂಸು

ಎರಡು ವರ್ಷ ತುಂಬದ ಕೂಸಿಗೆ ವಿಮಾನದಲ್ಲಿ ಬೇರೆ ಸೀಟು ಬೇಡ, ತಾಯಿಯ ಮಡಿಲೇ ಸಾಕು. ಆದರೆ ಆ ಮಡಿಲು ತಾಯಿಯದೇ ಎಂದು ಹೇಳುವ ಕಾಗದ ಬೇಕು. ಮಸ್ಕತ್ತಿನಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದ ಜಂಪಣ್ಣ, ಬಿಳಿಚೋಡಿನಲ್ಲಿದ್ದ ಹೆಂಡತಿ ಬೊಮ್ಮಕ್ಕನಿಗೆ ಇದನ್ನೇ ಎರಡೆರಡು ಸಲ ಬರೆದಿದ್ದ. ಜನನ ಪತ್ರ ಸೋಮವಾರದೊಳಗೆ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಗೆ ಮುಟ್ಟಿದರೆ ಅವಳ ಪಾಸ್‌ಪೋರ್ಟಿನಲ್ಲೇ ಮಗಳ ಹೆಸರು ಸೇರುತ್ತದೆ. ಮುಟ್ಟದಿದ್ದರೆ ಮಗಳನ್ನು ಬಿಟ್ಟು ಮಸ್ಕತ್ತಿಗೆ ಹೋಗಬೇಕು. ಇವತ್ತಾಗಲೇ ಶುಕ್ರವಾರ.

ಪತ್ರವೇನೋ ಇತ್ತು. ಅದರಲ್ಲಿ ತಾಯಿ ಎಂದಿದ್ದದ್ದು ಎದುರುಮನೆಯ ಗಾದ್ರಮ್ಮನ ಹೆಸರು!

ಬೊಮ್ಮಕ್ಕನ ಮೊದಲಿನ ಎರಡು ಕೂಸುಗಳು ತೊಟ್ಟಿಲು ಕಾಣದೆ ಹೋಗಿದ್ದವು. ಹಾಗಾಗಿ ಮೂರನೆಯದು ಹುಟ್ಟಿದ ಕೂಡಲೇ ಸಾವಿನ ಕಣ್ಣು ತಪ್ಪಿಸಲು ಅತ್ತೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ತಿಪ್ಪಮ್ಮ ಎಂದು ಕರೆದು, ಮೂರು ಸೇರು ತೌಡಿಗೆ ಗಾದ್ರಮ್ಮನಿಗೆ ಮಾರಿದಳು. ಆ ಕಡೆ ಎಷ್ಟೋ ಮನೆಗಳಲ್ಲಿ ನಡೆದದ್ದೇ. ಐದು ವರ್ಷ ತುಂಬಿದ ಮೇಲೆ ತೌಡು ಕೊಟ್ಟು ವಾಪಸ್ ಕೊಳ್ಳಬೇಕು. ಅಲ್ಲಿಯವರೆಗೆ ಹೆತ್ತವಳು 'ನನ್ನದು' ಎನ್ನುವಂತಿಲ್ಲ. ಅತ್ತೆಯ ಭಯ ಅಷ್ಟಕ್ಕೇ ನಿಲ್ಲಲಿಲ್ಲ. ಸಾವು ಸರ್ಕಾರದ ಪುಸ್ತಕವನ್ನೂ ತಿರುವಿ ನೋಡೀತೆಂದು ಅಲ್ಲಿಯೂ ತಾಯಿ ಗಾದ್ರಮ್ಮ, ತಂದೆ ಅವಳ ಗಂಡ ದುರುಗಣ್ಣ ಎಂದೇ ಬರೆಸಿಬಂದಳು. ಮುದುಕಿಯ ಮುಂದಾಲೋಚನೆಗೆ ಏನೆನ್ನಬೇಕು! ದುರುಗಣ್ಣ ಹೋದ ವರ್ಷ ತೀರಿಕೊಂಡಿದ್ದ. ಮಗು ತನ್ನದಲ್ಲವೆಂದು ಹೇಳಬೇಕಾದವಳು ಈಗ ಗಾದ್ರಮ್ಮ ಒಬ್ಬಳೇ.

ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರು ಒಂದು ಗಂಟೆಗೆ ಜೀಪು ಹತ್ತುವವರಿದ್ದರು. ಗಡಿಯಾರ ಹನ್ನೆರಡೂವರೆ ದಾಟಿತ್ತು.

"ಈ ಮಗು ನಿಂದಲ್ಲ, ಈಕೇದು ಅಂತ ಹೇಳಮ್ಮ. ಬರ್ಕೊಂಡು ತಿದ್ದಿ ಕೊಡ್ತೀನಿ."

ಗಾದ್ರಮ್ಮ ಸೊಂಟದ ಮೇಲಿದ್ದ ಕೂಸನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಂದೇ ಸ್ವಾಮಿ."

ಬೊಮ್ಮಕ್ಕ ಗಾದ್ರಮ್ಮನ ಸೆರಗು ಹಿಡಿದಳು. ಬಸ್ಸಿನಲ್ಲಿ 'ಹೇಳ್ತೀನಿ ಬಾರೇ, ಅದೇನು ದೊಡ್ಡದು' ಎಂದಿದ್ದವಳು ಇವಳೇ. ಹೆತ್ತವಳಲ್ಲದಿದ್ದರೂ ಕೂಸನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೇ?

"ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ."

"ಬೀಳಬ್ಯಾಡ. ತೌಡು ಕೊಟ್ಟು ಕೊಂಡೀನಿ. ಬರೀ ಬಾಯಿಮಾತಲ್ಲಿ ನಂದಲ್ಲ ಅಂದ್ರೆ ಕೂಸು ಯಾರ್ದೂ ಅಲ್ದಂಗಾಗ್ತೈತೆ. ಯಾರ್ದೂ ಅಲ್ಲದ್ದನ್ನ ಸಾವು ಎತ್ಕೊಂಡು ಹೋಗ್ತೈತೆ."

ತಹಸೀಲ್ದಾರರ ಪೆನ್ನು ನಿಂತಿತು. "ಮಗೂನ ಕೊಂಡ್ಯಾ? ಇದು ಪೊಲೀಸ್ ಕೇಸು, ಗೊತ್ತೇನು?"

"ಹಾಕ್ರಿ. ಐದು ವರ್ಷ ಆಗದಿದ್ರೂ ಸರಿ, ಮೊದ್ಲು ಈಕಿ ತೌಡು ಕೊಡ್ಲಿ, ಆಮೇಲೆ ಏನ್ ಬೇಕಾದ್ರೂ ಹೇಳ್ತೀನಿ."

ಬೊಮ್ಮಕ್ಕ ಓಡಿದಳು. ಬಿಸಿಲಿಗೆ ಕಾದ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದಳು. ಬಸ್‌ಸ್ಟ್ಯಾಂಡಿನ ಹತ್ತಿರದ ದನದ ಹಿಂಡಿ ಮಾರುವ ಅಂಗಡಿಯವನು ಊಟಕ್ಕೆಂದು ಬಾಗಿಲು ಎಳೆಯುತ್ತಿದ್ದ; ಅವನ ಕೈ ಹಿಡಿದೇ ನಿಲ್ಲಿಸಿದಳು. ಮೂರು ಸೇರು ತೌಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಏದುಸಿರು ಬಿಡುತ್ತ ವಾಪಸಾದಾಗ ಜೀಪು ಸ್ಟಾರ್ಟಾಗಿತ್ತು, ತಹಸೀಲ್ದಾರರು ಬಾಗಿಲಲ್ಲಿ ನಿಂತಿದ್ದರು. ಅವಳ ಮುಖ ನೋಡಿ ಮತ್ತೆ ಒಳಗೆ ಹೋಗಿ ಕುಳಿತರು. ಆ ಉಪಕಾರವನ್ನು ಬೊಮ್ಮಕ್ಕ ಸಾಯುವವರೆಗೂ ಮರೆಯಲಿಲ್ಲ.

ಗಾದ್ರಮ್ಮ ತೌಡನ್ನು ಮಡಿಲಿಗೆ ಹಾಕಿಸಿಕೊಂಡು, ಕೂಸನ್ನು ಬೊಮ್ಮಕ್ಕನ ಕೈಗಿಟ್ಟಳು.

"ಈಗ ಬರ್ಕೊಳ್ರಿ. ನಂದಲ್ಲ."

ಹೆಬ್ಬೆಟ್ಟಿನ ಶಾಯಿಯ ಜೊತೆ ಒಂದು ಚೂರು ತೌಡೂ ಕಾಗದಕ್ಕೆ ಅಂಟಿತು.

ವಾಪಸ್ ಬಸ್ಸಿನಲ್ಲಿ ಪತ್ರ ಬೊಮ್ಮಕ್ಕನ ರವಿಕೆಯೊಳಗಿತ್ತು. ಎದುರು ಸೀಟಿನಲ್ಲಿದ್ದ ಗಾದ್ರಮ್ಮನ ಕಡೆ ತಿಪ್ಪಮ್ಮ ಎರಡೂ ಕೈ ಚಾಚಿ "ಅವ್ವಾ, ಅವ್ವಾ" ಎಂದು ಅಳತೊಡಗಿತು. ಅದು ಅವ್ವ ಎನ್ನುತ್ತಿದ್ದದ್ದು ಅವಳನ್ನೇ; ಬೊಮ್ಮಕ್ಕ ಇದುವರೆಗೆ ಬರೀ ಚಿಗವ್ವ. ವಾಪಸ್ ಕೊಟ್ಟವಳು ಆ ಕೂಸನ್ನು ಮತ್ತೆ ಗುರುತು ಹಿಡಿಯಬಾರದು, ಅದೂ ಕಟ್ಟಳೆಯೇ. ಓಡುವ ಅವಸರದಲ್ಲಿ ಬೊಮ್ಮಕ್ಕನಿಗೆ ಅದು ಹೊಳೆದಿರಲೇ ಇಲ್ಲ.

ಗಾದ್ರಮ್ಮ ಎರಡೂ ಕೈಗಳನ್ನು ತೌಡಿನೊಳಗೆ ಹೂತಿಟ್ಟುಕೊಂಡಳು. ಇಡೀ ಬಸ್ಸಿಗೆ ಕೇಳುವ ಹಾಗೆ, ಗುರುತು ಪರಿಚಯವಿಲ್ಲದವಳಂತೆ ಕೇಳಿದಳು:

"ಯಾರ ಕೂಸವ್ವ ಇದು? ಚೆಂದೈತೆ."

ಹೆತ್ತಂದಿನಿಂದ ಹೇಳಬೇಕೆಂದು ಒದ್ದಾಡಿದ ಮಾತು. ಬೊಮ್ಮಕ್ಕ ಅಳುತ್ತಲೇ ಹೇಳಿದಳು.

"ನಂದು."