ಉರುಕುಂದಪ್ಪ ಸೈಕಲ್ ಆರಿಸಿದ್ದು

೧೯೭೯ರ ಜೂನಿನಲ್ಲಿ ಗೋಪಮ್ಮನಿಗೆ ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಟೀಚರ್ ನೌಕರಿ ಸಿಕ್ಕಿತು. ಜಾಲಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಅಲ್ಲಿಂದ ಶಾಲೆಗೆ ಐದು ಮೈಲಿ. ನಾಲ್ಕೂವರೆ ಮೈಲಿ ಡಾಂಬರು, ಕೊನೆಯ ಅರ್ಧ ಮೈಲಿ ಕರಿಮಣ್ಣಿನ ಎರಿ ಹೊಲದ ನಡುವಿನ ಬಂಡಿದಾರಿ. ಹೊತ್ತಿಗೆ ಸರಿಯಾದ ಬಸ್ಸಿಲ್ಲ. ರಾಯಚೂರಿನಲ್ಲಿ ಓದುವಾಗ ಬಾಡಿಗೆ ಸೈಕಲ್ ತಂದು ಹೊಡೆಯುವುದನ್ನು ಕಲಿತಿದ್ದಳು. ಆರಿಸಿ ಕೊಳ್ಳುವುದು ಗೊತ್ತಿರಲಿಲ್ಲ. ಕೈಯಲ್ಲಿದ್ದದ್ದು ಇನ್ನೂರು ರೂಪಾಯಿ, ಹಳೆಯದೇ ಆಗಬೇಕು.

ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಅಪ್ಪ ಉರುಕುಂದಪ್ಪ ಜೊತೆಗೆ ಬಂದ. ಅಪ್ಪನಿಗೆ ಸೈಕಲ್ಲಿನ ಗಂಧವಿಲ್ಲ ಎಂದೇ ಗೋಪಮ್ಮ ತಿಳಿದಿದ್ದಳು. ಎಷ್ಟು ದೂರವಾದರೂ ನಡೆದೇ ಹೋಗುವವನು, ಹಿಂದೆ ಕೂಡು ಅಂದರೂ ಒಲ್ಲೆ ಅನ್ನುವವನು.

ಸೈಕಲ್ ಅಂಗಡಿಯ ಜಿಲಾನಿ ಪಾಷಾ ಮೂರು ಸೈಕಲ್ ಹೊರಗೆ ನಿಲ್ಲಿಸಿದ.

"ಇದು ಹಗುರ ಅದ ನೋಡ್ರಿ ಟೀಚರಮ್ಮ. ಡಾಂಬರಿನ ಮ್ಯಾಲ ಗಾಳಿ ಹಂಗ ಹೋಗ್ತದ."

"ಟಾಯರ್ ಸಣ್ಣದು," ಅಂದ ಉರುಕುಂದಪ್ಪ. "ಜಾಲಿಮುಳ್ಳಿಗೆ ದಿನಾ ಪಂಕ್ಚರ್. ಆ ಎರಡನೇದು ಹಾಲಿನವರ ಸೈಕಲ್ಲು, ಕಲ್ಲಿನಂಗ ಭಾರ, ಎದುರುಗಾಳಿಗೆ ಹುಡುಗಿ ಸೋಲ್ತಾಳ."

ಗೋಪಮ್ಮ ಅಪ್ಪನ ಮುಖ ನೋಡಿದಳು. ಅವನು ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಣ್ಣ ಹೋದ ಹಸಿರು ಲೇಡೀಸ್ ಸೈಕಲ್. ಗಾಲಿ ತಿರುಗಿಸಿ ಕಿವಿಗೊಟ್ಟ, ಕಡ್ಡಿಗಳನ್ನು ಒಂದೊಂದಾಗಿ ಹಿಂಡಿ ನೋಡಿದ, ಚೈನು ಎತ್ತಿ ಬಿಟ್ಟ.

"ಒಂದು ಸುತ್ತು ಹೊಡದು ಬರ್ತೀನಿ," ಅಂದ.

"ಯಪ್ಪಾ, ಬ್ಯಾಡ, ಬೀಳ್ತಿ," ಎನ್ನುವಷ್ಟರಲ್ಲಿ ಧೋತರ ಎತ್ತಿ ಕಟ್ಟಿ ಏರಿಬಿಟ್ಟಿದ್ದ. ಎತ್ತಿನಬಂಡಿ, ಟಾಂಗಾಗಳ ನಡುವೆ ನೀರಿನಲ್ಲಿ ಮೀನು ಸರಿದಂತೆ ಸರಿದ. ರಸ್ತೆಯ ತುದಿಯಲ್ಲಿ ಹೊರಳಿ, ಬೇಕೆಂದೇ ಗುಂಡಿಗಳ ಮೇಲೆ ಹಾಯಿಸಿ, ಎರಡೂ ಕೈ ಬಿಟ್ಟು ಬಂದ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದ ಮನುಷ್ಯ ಇವನೇನಾ ಎಂದು ಗೋಪಮ್ಮನಿಗೆ ಅನ್ನಿಸಿತು.

"ಎಲ್ಲಿ ಕಲ್ತಿ?"

ಉರುಕುಂದಪ್ಪ ಬೆವರು ಒರೆಸಿಕೊಂಡ. "ನಂದೂ ಒಂದು ಇತ್ತು. ಮಾನ್ವಿ ಕಡಿ ನಮ್ಮೂರಾಗ ಇದ್ದಾಗ. ಹತ್ತಿ ಮಿಲ್ಲಿನಾಗ ದುಡದು ತಗೊಂಡಿದ್ದೆ. ನಮ್ಮ ಕೇರಿಯವರು ಚಾವಡಿ ಮುಂದ ಇಳದು ನೂಕಿಕೊಂಡು ಹೋಗ್ಬೇಕು ಅಂದ್ರು ಗೌಡ್ರು. ಎರಡು ದಿನ ಇಳದೆ. ಮೂರನೇ ದಿನ ಇಳೀಲಿಲ್ಲ."

"ಮತ್ತ?"

"ಕಲ್ಲು ಎತ್ತಿಹಾಕಿ ಮುರದ್ರು. ಮುರದದ್ದನ್ನ ತಲಿ ಮ್ಯಾಲ ಹೊರಿಸಿ ಊರು ಸುತ್ತಿಸಿದ್ರು."

ಜಿಲಾನಿ ಪಾಷಾ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಗಂಜಿನಲ್ಲಿ ಕೆಲಸ ಸಿಕ್ಕಿತೆಂದು ಊರು ಬಿಟ್ಟು ರಾಯಚೂರಿಗೆ ಬಂದೆವು, ಇಷ್ಟನ್ನೇ ಗೋಪಮ್ಮ ಸಣ್ಣವಳಿದ್ದಾಗಿನಿಂದ ಕೇಳಿದ್ದಳು.

"ಅವ್ವಗ ಗೊತ್ತದೇನು?"

"ತಲಿ ಮ್ಯಾಲಿಂದ ಇಳಿಸಿದಾಕಿ ಅಕೀನ."

ಅಂಗಡಿಯ ಮೆಟ್ಟಿಲ ಮೇಲೆ ಗೋಪಮ್ಮ ಕೂತುಬಿಟ್ಟಳು. ಅವ್ವನೂ ಇಷ್ಟು ವರ್ಷ ಒಂದು ಮಾತು ಆಡಿರಲಿಲ್ಲ.

"ನನ್ನನ್ನೂ ಇಳಿ ಅಂದ್ರ?" ಎಂದು ಕೇಳಿದಳು.

"ಅದು ನನಗೂ ಗೊತ್ತಿಲ್ಲವ್ವ," ಅಂದ ಉರುಕುಂದಪ್ಪ. "ಸೈಕಲ್ಲಿನ ಬಗ್ಗೆ ಕೇಳಿದ್ರ ಹೇಳ್ತೀನಿ. ಇದು ಡಾಂಬರಿಗೂ ಆಗ್ತದ, ಬಂಡಿದಾರಿಗೂ ತಡೀತದ. ಇದನ್ನ ತಗೋ."

ಜಿಲಾನಿ ಪಾಷಾ ನೂರಾ ಎಂಬತ್ತಕ್ಕೆ ಒಪ್ಪಿ, ಹೊಸ ಬ್ರೇಕ್ ರಬ್ಬರ್ ತಾನೇ ಹಾಕಿಕೊಟ್ಟ. ಜಾಲಹಳ್ಳಿ ಬಸ್ಸಿನ ಮೇಲೆ ಏರಿಸಲು ಸೈಕಲ್ಲನ್ನು ಬಸ್ ಸ್ಟ್ಯಾಂಡಿನವರೆಗೆ ಉರುಕುಂದಪ್ಪನೇ ಹೊಡೆದ, ಮಗಳನ್ನು ಹಿಂದೆ ಕೂಡಿಸಿಕೊಂಡು. ಗಂಜಿನ ಹಮಾಲರು ಚೀಲ ಹೊತ್ತವರು ಹೊತ್ತಂತೆಯೇ ನಿಂತು ನೋಡಿದರು.

ಸೋಮವಾರ ಶಾಲೆಯ ಊರಿನ ಅಗಸಿ ಬಾಗಿಲು ಕಂಡದ್ದೇ ಗೋಪಮ್ಮ ಇಳಿದಳು. ಯಾರೂ ಇಳಿ ಅಂದಿರಲಿಲ್ಲ. ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದರು. ಹತ್ತು ಹೆಜ್ಜೆ ನೂಕಿಕೊಂಡು ನಡೆದವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸೆರಗು ಸಿಕ್ಕಿಸಿ ಮತ್ತೆ ಏರಿದಳು. ಕಟ್ಟೆಯವರ ಮಾತು ನಿಂತಿತು. ಒಬ್ಬನೂ ಏಳಲಿಲ್ಲ, ಒಬ್ಬನೂ ಕೂಗಲಿಲ್ಲ. ಶಾಲೆಯ ಮುಂದೆ ಇಳಿದಾಗ ಹ್ಯಾಂಡಲ್ ಹಿಡಿದ ಬೆರಳು ಬಿಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.